ತಾಮ್ರದ ಸರ್ಪ ಮತ್ತು ನನ್ನ ನೋಟ್‌ಬುಕ್

ಪುಟ್ಟಿ, ಇದು ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮಾಡುತ್ತಲೇ ಕೇಳಿಸಿಕೋ. ಬೆಳಿಗ್ಗೆ ನೀನು ಕೇಳಿದೆಯಲ್ಲ, "ನಮ್ಮ ಮನೆಯಲ್ಲಿ ಒಂದು ವಿಗ್ರಹವೂ ಇಲ್ಲ, ಮತ್ತೆ ಪಾಸ್ಟರ್ ಯಾಕೆ ವಿಗ್ರಹಾರಾಧನೆ ಬಿಡಿ ಬಿಡಿ ಅನ್ನುತ್ತಾರೆ" ಅಂತ. ದೊಡ್ಡಪ್ಪ ಅದಕ್ಕೆ ಬೈಬಲಿನ ಕೊಲೊಸ್ಸೆ 3:5 ಕಳಿಸಿದ್ದಾರೆ. ಲೋಭವೂ ವಿಗ್ರಹಾರಾಧನೆಯೇ ಅಂತ ಪೌಲ ಅಲ್ಲಿ ನೇರವಾಗಿ ಹೇಳಿದ್ದಾನೆ, ಸರಿಯೇ ದೊಡ್ಡಪ್ಪ. ಆದರೆ ದುಡ್ಡಿನಾಸೆ ಅಂದ ಕೂಡಲೇ ನಮಗೆಲ್ಲ ಬೇರೆ ಯಾರದೋ ಮುಖ ನೆನಪಾಗುತ್ತದೆ, ಅಲ್ವಾ? ಮೊಬೈಲು, ಟೀವಿ ಬೈಯುವುದೂ ಸುಲಭ. ನನಗೆ ಜಾಸ್ತಿ ಹೆದರಿಕೆ ಒಳ್ಳೆಯದರ ಬಗ್ಗೆಯೇ.

ತಾಮ್ರದ ಸರ್ಪದ ಕಥೆ ಸಂಡೇ ಸ್ಕೂಲಿನಲ್ಲೇ ಕಲಿತಿದ್ದೀಯ. ಬೈಬಲಿನ ಅರಣ್ಯಕಾಂಡ 21. ಹಾವು ಕಚ್ಚಿದವರು ಅದನ್ನು ನೋಡಿದರೆ ಬದುಕುತ್ತಿದ್ದರು. ಇಸ್ರಾಯೇಲ್ಯರ ನಾಯಕ ಮೋಶೆಯ ಕೈಯಿಂದ ಅದನ್ನು ಮಾಡಿಸಿದವನು ದೇವರೇ. ನಾವು ಕಥೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಮುಂದೇನಾಯಿತು ಅನ್ನುವುದು 2 ಅರಸುಗಳು 18:4ರಲ್ಲಿದೆ. ನೂರಾರು ವರ್ಷ ಕಳೆದರೂ ಜನ ಆ ಸರ್ಪವನ್ನು ಇಟ್ಟುಕೊಂಡಿದ್ದರು, ಅದಕ್ಕೆ ಧೂಪ ಹಾಕುತ್ತಿದ್ದರು. ನೆಹುಷ್ಟಾನ್ ಅಂತ ಹೆಸರು ಬೇರೆ. ಅರಸ ಹಿಜ್ಕೀಯ ಅದನ್ನು ಚೂರು ಚೂರು ಮಾಡಿಸಿದ. ಮೋಶೆ ಮಾಡಿದ ವಸ್ತು ಕಣೇ! ನಾವಾಗಿದ್ದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದೆವು.

ಅದೇ ಜನ ಪೂಜೆಗೆ ಅಂತ ಮಾಡಿಸಿಕೊಂಡ ಚಿನ್ನದ ಕರುವನ್ನೇ ತೆಗೆದುಕೋ. ಅದರ ಮುಂದೆ ಯಜ್ಞವೇದಿ ಕಟ್ಟಿಸಿ ಮೋಶೆಯ ಅಣ್ಣ ಆರೋನ "ನಾಳೆ ಯೆಹೋವನಿಗೆ ಹಬ್ಬ" ಅಂತ ಸಾರಿದ. ವಿಮೋಚನಕಾಂಡ 32:5, ತೆರೆದು ನೋಡು. ದೇವರ ಹೆಸರು ಬಾಯಲ್ಲಿ ಇದ್ದೇ ಇತ್ತು. ಚರ್ಚ್ ಸುಧಾರಣೆಗೆ ಹೊರಟ ಮಾರ್ಟಿನ್ ಲೂಥರ್ 1529ರಲ್ಲಿ, ಬೇರೆ ದೇವರುಗಳು ನಿನಗೆ ಇರಬಾರದು ಅನ್ನುವ ಮೊದಲನೆಯ ಆಜ್ಞೆಯನ್ನು ವಿವರಿಸುವಾಗ ಇದನ್ನೇ ಹಿಡಿದ. ನಿನ್ನ ಮನಸ್ಸು ಯಾವುದನ್ನು ನೆಚ್ಚಿಕೊಂಡಿದೆಯೋ ಅದೇ ನಿನ್ನ ದೇವರು ಅನ್ನುವುದು ಅವನ ಮಾತಿನ ಸಾರ. ಚರ್ಚಿನಲ್ಲಿ ಪ್ರತಿಮೆ ಇಡಬಹುದಾ ಅನ್ನುವ ಜಗಳ ಬೇರೆ. ಗೌರವ ಬೇರೆ, ಆರಾಧನೆ ಬೇರೆ ಅಂತ 787ರಲ್ಲೇ ನೈಸಿಯಾ ಊರಿನಲ್ಲಿ ಸೇರಿದ ಬಿಷಪ್‌ಗಳ ಸಭೆ ತೀರ್ಮಾನಿಸಿತು, ಜಗಳ ಇನ್ನೂ ಮುಗಿದಿಲ್ಲ. ನಮ್ಮ ಮನೆಯವರ ಈ ಗ್ರೂಪಿನಲ್ಲಿ ನಾನು ಅದಕ್ಕೆ ಕೈ ಹಾಕುವುದಿಲ್ಲಪ್ಪ.

ಈಗ ನನ್ನ ಕಥೆ. ಯಾರೂ ನಗಬೇಡಿ. 11 ವರ್ಷ ಚರ್ಚಿನ ಹಾಡುವ ತಂಡ, ಅಂದರೆ ಕ್ವಾಯರ್ ನಡೆಸಿದೆ. ಸೇವೆ ಅಂತಲೇ ಮಾಡಿದೆ, ಸುಳ್ಳಲ್ಲ. ಹೋದ ವರ್ಷ ಆ ಜವಾಬ್ದಾರಿಯನ್ನು ಒಬ್ಬ ಹುಡುಗಿಗೆ ಕೊಟ್ಟರು. ನಾನೂ ನಗುತ್ತಾ ಚಪ್ಪಾಳೆ ತಟ್ಟಿದೆ. ಮುಂದಿನ ಭಾನುವಾರ ಮೂರನೇ ಸಾಲಿನಲ್ಲಿ ಕೂತು, ಅವರು ಹಾಡುತ್ತಿದ್ದರೆ ನಾನು ಸೆರಗಿನ ಕೆಳಗೆ ಬೆರಳಲ್ಲಿ ತಾಳ ಎಣಿಸುತ್ತಿದ್ದೆ. ಎರಡನೇ ಚರಣದಲ್ಲಿ ಶ್ರುತಿ ಇಳಿಯಿತು. ನನಗೆ ಎಷ್ಟು ಖುಷಿಯಾಯಿತು ಗೊತ್ತಾ! ಆರಾಧನೆಯ ನಡುವೆ, ಕಣ್ಣು ಮುಚ್ಚಿಕೊಂಡೇ. ಆಮೇಲೆ ಮೂರು ವಾರ ತಲೆನೋವು ಅಂತ ಸುಳ್ಳು ಹೇಳಿ ಚರ್ಚಿಗೇ ಹೋಗಲಿಲ್ಲ. ಪಾಸ್ಟರಮ್ಮ ಫೋನ್ ಮಾಡಿ ನನ್ನ ತಲೆನೋವಿಗೆ ಪ್ರಾರ್ಥನೆ ಬೇರೆ ಮಾಡಿದರು. ಆಮೆನ್ ಅನ್ನಲು ಬಾಯಿ ಬರಲಿಲ್ಲ.

ಹಾಗಂತ ಪ್ರೀತಿಸಿದ್ದೆಲ್ಲ ವಿಗ್ರಹ ಅಂದುಕೊಳ್ಳಬೇಡ. ಮಗುವನ್ನು ಜಾಸ್ತಿ ಮುದ್ದು ಮಾಡಿದೆನೋ ಏನೋ ಅಂತ ಸುಮ್ನೆ ಕೊರಗಬೇಡ. ಕೈತಪ್ಪಿ ಹೋಗುತ್ತದೆ ಅನ್ನಿಸಿದಾಗ ನಾನು ಏನೇನು ಮಾಡುತ್ತೇನೆ ಅಂತ ಮಾತ್ರ ನೋಡಿಕೊಳ್ಳುತ್ತೇನೆ. ಸುಳ್ಳು ಹೇಳುತ್ತೇನಾ? ಇನ್ನೊಬ್ಬರು ಎಡವಲಿ ಅಂತ ಕಾಯುತ್ತೇನಾ? ನಾನು ಎರಡನ್ನೂ ಮಾಡಿದ್ದೆ, ಅದೂ ಸ್ತೋತ್ರಗೀತೆಯ ಹೆಸರಲ್ಲಿ.

ಇನ್ನೂ ಒಂದು ಇದೆ. ಪ್ರತಿ ಹಾಡಿಗೂ ಶ್ರುತಿ ಯಾವುದು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತೆಲ್ಲ ಬರೆದಿಟ್ಟ ನೋಟ್‌ಬುಕ್ ನನ್ನ ಹತ್ತಿರ ಇದೆ. ಆ ಹುಡುಗಿ ಎರಡು ಸಲ ಕೇಳಿದಳು. ಹುಡುಕಿ ಕೊಡುತ್ತೇನಮ್ಮ ಅಂದೆ. ಹುಡುಕುವುದೇನು ಬಂತು, ಬೀರುವಿನಲ್ಲಿ ಕಣ್ಣೆದುರಿಗೇ ಇದೆ, ನೀಲಿ ರಟ್ಟಿನದು. ಈ ಭಾನುವಾರ ತೆಗೆದುಕೊಂಡು ಹೋಗಬೇಕು. ಶನಿವಾರ ರಾತ್ರಿ ಒಂದು ಫೋನ್ ಮಾಡಿ ನೆನಪಿಸು ಪುಟ್ಟಿ, ಇಲ್ಲದಿದ್ದರೆ ಈ ಅತ್ತೆ ಮತ್ತೆ ಮರೆತವಳ ಹಾಗೆ ಹೋಗಿಬಿಡುತ್ತಾಳೆ.