18 ಬೇರೆ ಬೇರೆ ಫೈಲುಗಳು: ಪೋರ್ಟ್‌ಫೋಲಿಯೊ ಒಂದೇ ಪಿಡಿಎಫ್ ಮಾಡುವುದು ಹೇಗೆ?

ಕಾವಿಗೆರೆ, ಶಿರಸಿ
ಎರಡು ವರ್ಷದಿಂದ ಕಾವಿ ಚಿತ್ರಗಳನ್ನು (ಗುಡಿ ಗೋಡೆಯ ಕೆಂಪು-ಬಿಳಿ ಚಿತ್ರಗಳು) ಇಲ್ಲಸ್ಟ್ರೇಟರ್ ಎಂಬ ಕಂಪ್ಯೂಟರ್ ತಂತ್ರಾಂಶದಲ್ಲಿ ಬಿಡಿಸುತ್ತಿದ್ದೇನೆ. ಇಲ್ಲಿಯ ಮಾರಿಕಾಂಬಾ ಗುಡಿಯ ಗೋಡೆ ನೋಡಿಯೇ ಹುಚ್ಚು ಹಿಡಿದದ್ದು. ಈಗ ಒಂದು ಕೆಲಸಕ್ಕೆ ಅರ್ಜಿ ಹಾಕಬೇಕು, ಪೋರ್ಟ್‌ಫೋಲಿಯೊ (ನಮ್ಮ ಕೆಲಸದ ಮಾದರಿಗಳ ಸಂಗ್ರಹ) ಕೇಳಿದ್ದಾರೆ. ಪುಟಕ್ಕೊಂದರಂತೆ 18 ಫೈಲ್ ಇವೆ. ಅಂಚು ಸ್ವಲ್ಪ ಸರಿಸಿದರೂ ಎಲ್ಲವನ್ನೂ ಮತ್ತೆ ತೆರೆಯಬೇಕು. ಸೇರಿಸಿದ ಪಿಡಿಎಫ್ 61 ಎಂಬಿ ಆಯಿತು, ಜಿಮೇಲ್‌ನಲ್ಲಿ ಹೋಗುತ್ತಿಲ್ಲ. ಕನ್ನಡ ಹೆಸರುಗಳಲ್ಲಿ ಒತ್ತಕ್ಷರವೂ ಒಡೆದು ಪಕ್ಕಕ್ಕೆ ನಿಲ್ಲುತ್ತದೆ. ನಮ್ಮ ಆಯಿಗೆ ಆ ಹೆಸರುಗಳನ್ನು ಓದಲು ಆಗಲಿಲ್ಲ. ಅದು ತುಂಬಾ ಬೇಸರವಾಯಿತು.

ಕಾಳಿತೀರ, ಕಾರವಾರ
ಒಂದೇ ಫೈಲಿನಲ್ಲಿ ಪುಟಕ್ಕೊಂದು ಆರ್ಟ್‌ಬೋರ್ಡ್ (ಚಿತ್ರ ಬಿಡಿಸುವ ಹಾಳೆ) ಮಾಡಿ. ಹೊಸ ಆವೃತ್ತಿಗಳಲ್ಲಿ 1000ದವರೆಗೂ ಹಾಕಬಹುದು. ಪರದೆಯಲ್ಲೇ ನೋಡುವವರಾದರೆ 1920 × 1080 ಪಿಕ್ಸೆಲ್‌ನ ಅಡ್ಡ ಪುಟ, ಆರ್‌ಜಿಬಿ ಬಣ್ಣ ಸಾಕು. ಆರ್ಟ್‌ಬೋರ್ಡ್ಸ್ ಪ್ಯಾನೆಲ್‌ನಲ್ಲಿ ಯಾವ ಕ್ರಮ ಇದೆಯೋ ಪಿಡಿಎಫ್‌ನಲ್ಲೂ ಅದೇ ಕ್ರಮ.

ಎಲ್ಲ ಪುಟದಲ್ಲೂ ಬರುವ ನಿಮ್ಮ ಹೆಸರು, ಅಂಚಿನ ಪಟ್ಟಿ ಇವನ್ನು ಸಿಂಬಲ್ ಮಾಡಿ. ಆಮೇಲೆ ಕಾಪಿ ಅಲ್ಲ, ಕಟ್ ಮಾಡಿ 'ಪೇಸ್ಟ್ ಆನ್ ಆಲ್ ಆರ್ಟ್‌ಬೋರ್ಡ್ಸ್' ಒತ್ತಿ. ಕಾಪಿ ಮಾಡಿದರೆ ಮೊದಲ ಪುಟದಲ್ಲಿ ಒಂದರ ಮೇಲೊಂದು ಎರಡು ಕೂರುತ್ತವೆ. ಮುಂದೆ ಸಿಂಬಲ್ ಒಂದನ್ನು ತಿದ್ದಿದರೆ ಎಲ್ಲ ಕಡೆ ಬದಲಾಗುತ್ತದೆ. ಪುಟ ಸಂಖ್ಯೆ ಮಾತ್ರ ಸಿಂಬಲ್‌ನಲ್ಲಿ ಸೇರಿಸಬೇಡಿ, ಅದು ಪುಟ ಪುಟಕ್ಕೂ ಬೇರೆ.

ಒತ್ತಕ್ಷರಕ್ಕೆ: ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ 'ಶೋ ಇಂಡಿಕ್ ಆಪ್ಶನ್ಸ್' ಆನ್ ಮಾಡಿ. ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ 'ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್' ಕಂಪೋಸರ್ (ಅಕ್ಷರ ಜೋಡಿಸುವ ವಿಧಾನ) ಆರಿಸಿ. ನೋಟೊ ಸಾನ್ಸ್ ಕನ್ನಡದಂಥ ಯುನಿಕೋಡ್ ಫಾಂಟ್ ಬಳಸಿ.

ಗಾತ್ರಕ್ಕೆ: ಎಐ ಫೈಲ್ (ಇಲ್ಲಸ್ಟ್ರೇಟರ್‌ನ ಮೂಲ ಫೈಲ್) ಬೇರೆ ಉಳಿಸಿಕೊಂಡು, ಪಿಡಿಎಫ್ ಮಾಡುವಾಗ 'ಪ್ರಿಸರ್ವ್ ಇಲ್ಲಸ್ಟ್ರೇಟರ್ ಎಡಿಟಿಂಗ್' ಟಿಕ್ ತೆಗೆಯಿರಿ. ಫೋಟೊಗಳನ್ನು 150 ಪಿಪಿಐಗೆ (ಇಂಚಿಗೆ 150 ಪಿಕ್ಸೆಲ್) ಇಳಿಸಿ.

ಸುಣ್ಣದಗೋಡೆ, ಕುಮಟಾ
ಮೇಲಿನದೆಲ್ಲ ಸರಿ. ಆದರೆ ನನಗೆ ಚಿಂತೆ ಬೇರೆಯದು. 18 ಪುಟದಲ್ಲೂ ಬರೀ ಮುಗಿದ ಚಿತ್ರಗಳೇ ಇವೆಯಾ? ಕಾವಿ ಕುಂಚದಿಂದ ಬಿಡಿಸುವ ಚಿತ್ರವಲ್ಲ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಹಸಿಯಿರುವಾಗಲೇ ಕೆರೆದು ಬಿಳಿ ಕಾಣಿಸುವುದು. ಇದು ಗೊತ್ತಿಲ್ಲದವರಿಗೆ ನಿಮ್ಮದು ಸುಮ್ನೆ ಕೆಂಪು-ಬಿಳಿ ವಿನ್ಯಾಸ ಅನ್ನಿಸುತ್ತದೆ. ಒಂದು ಪುಟದಲ್ಲಿ ಗೋಡೆಯ ಫೋಟೊ, ನಿಮ್ಮ ಪೆನ್ಸಿಲ್ ಗೆರೆ, ಇಲ್ಲಸ್ಟ್ರೇಟರ್‌ನ ವೆಕ್ಟರ್ ಗೆರೆ, ಮೂರನ್ನೂ ಪಕ್ಕಪಕ್ಕ ಇಡಿ. ಗೆರೆಯೆಲ್ಲ ಒಂದೇ ದಪ್ಪವಿದ್ದರೆ ವಿಡ್ತ್ ಟೂಲ್‌ನಿಂದ ತಿದ್ದಿ. ಕೆರೆದ ಗೆರೆ ಎಂದೂ ಒಂದೇ ಸಮ ಇರುವುದಿಲ್ಲ, ಅಲ್ವಾ?

ಕಾವಿಗೆರೆ, ಶಿರಸಿ
ಇಬ್ಬರಿಗೂ ಧನ್ಯವಾದ. ಒತ್ತಕ್ಷರ ಸರಿಯಾಯಿತು. ಆಯಿ ಈ ಸಲ ಎಲ್ಲ ಹೆಸರನ್ನೂ ಗಟ್ಟಿಯಾಗಿ ಓದಿದಳು. 7 ಪುಟ ಕೈಬಿಟ್ಟೆ. ಹೂಬಳ್ಳಿಯ ಮೂರು ಚಿತ್ರಗಳಲ್ಲಿ ಎರಡನ್ನು ತೆಗೆಯುವಾಗ ಮನಸ್ಸು ಒಪ್ಪಲಿಲ್ಲ, ಆದರೂ ತೆಗೆದೆ. ಗೋಡೆಯ ಪುಟ ಸೇರಿ ಈಗ 12. ಪಿಡಿಎಫ್ 8 ಎಂಬಿ. ಗೋಡೆಯ ಫೋಟೊ ಮಾತ್ರ ಬೆಳಗಿನ ಓರೆ ಬಿಸಿಲಿನಲ್ಲಿ ಇನ್ನೊಮ್ಮೆ ತೆಗೆಯುತ್ತೇನೆ, ಕೆರೆದ ಆಳ ಆಗ ಚೆನ್ನಾಗಿ ಕಾಣುತ್ತದೆ.