ಸರ್ಕಾರಿ ಹೈಸ್ಕೂಲಿನ ಫಲಿತಾಂಶ ಕಡಿಮೆ ಅಂದ್ರೆ ಶಾಲೆ ಸರಿ ಇಲ್ವಾ, ಮಕ್ಕಳ ಮನೆ ಪರಿಸ್ಥಿತಿಯಾ?

ಶಹಾಪುರ ಕಡೆಯವ:
ಎಲ್ಲರಿಗೂ ನಮಸ್ಕಾರ. ನಮ್ಮದು ಯಾದಗಿರಿ ಜಿಲ್ಲೆ, ಶಹಾಪುರ ತಾಲೂಕಿನ ಹಳ್ಳಿ. ಮಗಳು ಏಳನೇ ಮುಗಿಸಿದ್ದಾಳೆ, ಎಂಟನೇಗೆ ಎಲ್ಲಿ ಹಾಕಬೇಕು ಅಂತ ಮನೆಯಲ್ಲಿ ದಿನಾ ಜಗಳ. ಊರಲ್ಲೇ ಸರ್ಕಾರಿ ಹೈಸ್ಕೂಲ್ ಇದೆ. ಆದರೆ ಹೋದ ಸಲ ಎಸ್ಸೆಸ್ಸೆಲ್ಸಿಯಲ್ಲಿ ಅರ್ಧಕ್ಕರ್ಧ ಮಕ್ಕಳೂ ಪಾಸಾಗಿಲ್ಲ. ಪೇಟೆಯ ಖಾಸಗಿ ಶಾಲೆಯವರು ತೊಂಬತ್ತರ ಮೇಲೆ ಅಂತ ದೊಡ್ಡ ಫ್ಲೆಕ್ಸ್ ಹಾಕಿದ್ದಾರೆ, ಫೀಸು ಕೇಳಿದರೆ ಎದೆ ಝಲ್ ಅನ್ನುತ್ತೆ. ನಮ್ಮ ಹೆಡ್‌ಮಾಸ್ಟರ್ ಹತ್ತಿರ ವಿಚಾರಿಸಿದರೆ "ಇಲ್ಲಿಗೆ ಎಂಥ ಮಕ್ಕಳು ಬರ್ತಾರೆ ನಿಮಗೇ ಗೊತ್ತಲ್ರಿ" ಅಂದರು. ತಾಂಡಾದವರು, ಕೂಲಿಯವರ ಮಕ್ಕಳು ಅಂತ ಅವರ ಮಾತಿನ ಅರ್ಥ. ನಾವೂ ಕೂಲಿಯವರೇ. ಫಲಿತಾಂಶ ನೋಡಿ ಶಾಲೆ ಹೇಗಿದೆ ಅಂತ ಹೇಳೋಕೆ ಆಗುತ್ತಾ? ಗೊತ್ತಿದ್ದವರು ಹೇಳಿ.

ಗಣಿತದ ಮೇಷ್ಟ್ರು:
ನಾನು ಬೀದರ್ ಜಿಲ್ಲೆಯ ಸರ್ಕಾರಿ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ನಿಮ್ಮ ಹೆಡ್‌ಮಾಸ್ಟರ್ ಹೇಳಿದ ರೀತಿ ತಪ್ಪು, ಆದರೆ ಮಾತಿನಲ್ಲಿ ಸ್ವಲ್ಪ ಹುರುಳಿದೆ. 2011ರ ಜನಗಣತಿ ಪ್ರಕಾರ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. ಹೆಣ್ಣುಮಕ್ಕಳದ್ದು ಶೇ 41ರ ಆಸುಪಾಸು. ಈಗ ಹೈಸ್ಕೂಲಿನಲ್ಲಿರುವ ಮಕ್ಕಳ ತಾಯಂದಿರು ಆ ಲೆಕ್ಕದಲ್ಲಿದ್ದವರೇ ಅಲ್ವಾ. ಮನೆಯಲ್ಲಿ ಹೋಮ್‌ವರ್ಕ್ ನೋಡುವವರು ಯಾರು?

ಇನ್ನೊಂದು ವಿಷಯ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಓದುವ ಮಕ್ಕಳು ಆರನೇ ಕ್ಲಾಸಿಗೇ ಪ್ರವೇಶ ಪರೀಕ್ಷೆ ಬರೆದು ಮೊರಾರ್ಜಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ಆದರ್ಶ ವಿದ್ಯಾಲಯ ಅಂತ ಹೋಗಿಬಿಡುತ್ತಾರೆ. ಅವೂ ಸರ್ಕಾರಿ ಶಾಲೆಗಳೇ. ದುಡ್ಡಿದ್ದವರು ಖಾಸಗಿಗೆ. ಉಳಿದವರನ್ನು ಊರ ಹೈಸ್ಕೂಲು ತೆಗೆದುಕೊಳ್ಳುತ್ತೆ, ಯಾರನ್ನೂ ಬೇಡ ಅನ್ನುವ ಹಾಗಿಲ್ಲ. ಫ್ಲೆಕ್ಸ್ ಹಾಕಿದ ಎಷ್ಟೋ ಶಾಲೆಗಳು ಒಂಬತ್ತನೇ ಕ್ಲಾಸಿನಲ್ಲೇ ದಡ್ಡ ಅನಿಸಿದವನ ಕೈಗೆ ಟಿಸಿ ಕೊಟ್ಟು ಸಾಗಹಾಕುತ್ತವೆ, ಅವನು ನಮ್ಮಲ್ಲಿಗೆ ಬಂದು ಫೇಲಾದರೆ ಆ ಫೇಲು ನಮ್ಮ ಲೆಕ್ಕಕ್ಕೆ. ಅದಕ್ಕೇ ಪಾಸಾದವರ ಶೇಕಡಾ ಬಿಡಿ. ಎಂಟನೇಗೆ ಸೇರಿದವರಲ್ಲಿ ಎಷ್ಟು ಮಕ್ಕಳು ಹತ್ತನೇ ಪರೀಕ್ಷೆಗೆ ಕೂತರು ಅಂತ ಎರಡೂ ಶಾಲೆಯಲ್ಲಿ ಕೇಳಿ ನೋಡಿ.

ತಾಂಡಾದ ಹುಡುಗ:
ಮೇಷ್ಟ್ರೇ, "ಉಳಿದವರು" ಅಂದಿರಲ್ಲ, ಆ ಉಳಿದವನು ನಾನೇ. ಚಿತ್ತಾಪುರ ತಾಲೂಕಿನ ತಾಂಡಾ ನಮ್ಮದು. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಹೈಸ್ಕೂಲಿಗೆ ಬಂದ ಮೇಲೆ ಇಂಗ್ಲಿಷು, ಹಿಂದಿ ಬೇರೆ. ದೀಪಾವಳಿ ಆದ ಮೇಲೆ ಅಪ್ಪ ಅವ್ವ ಪುಣೆಗೆ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದರು. ನಾನು ಅಜ್ಜಿ ಹತ್ತಿರ ಉಳಿದೆ, ತಂಗಿಯನ್ನು ಕರೆದುಕೊಂಡು ಹೋದರು. ಅವಳ ಓದು ಅಲ್ಲಿಗೇ ನಿಂತಿತು. ಒಂದೇ ಮನೆ, ಒಂದೇ ಜಾತಿ, ಒಂದೇ ಶಾಲೆ. ಹಾಗಾಗಿ ತಾಂಡಾದವರು ಅಂತ ಒಂದೇ ಮಾತಲ್ಲಿ ಮುಗಿಸಬೇಡಿ. ಹಾಜರಿ ಪುಸ್ತಕದಲ್ಲಿ ನವೆಂಬರಿನಿಂದ ಫೆಬ್ರವರಿವರೆಗೆ ನೋಡಿ. ನಿಮ್ಮ ಕಡೆ ಹತ್ತಿ ಬಿಡಿಸುವುದೂ ಅದೇ ಹೊತ್ತಿಗೆ, ಹೆಣ್ಣುಮಕ್ಕಳು ಕಿಲೋ ಲೆಕ್ಕದಲ್ಲಿ ಕೂಲಿಗೆ ಹೋಗುತ್ತಾರೆ. ಪೂರ್ವಸಿದ್ಧತಾ ಪರೀಕ್ಷೆ ಬರುವಷ್ಟರಲ್ಲಿ ಅರ್ಧ ಪಾಠ ಕೈತಪ್ಪಿರುತ್ತೆ. ಇದು ಗೊತ್ತಿದ್ದೂ ಶಾಲೆಯವರು ಏನೂ ಮಾಡದಿದ್ದರೆ ಅದು ಶಾಲೆಯ ತಪ್ಪು, ನಮ್ಮದಲ್ಲ.

ಸೂಪರ್ ಮಾರ್ಕೆಟ್ ಕಲಬುರಗಿ:
ಮನೆ ಪರಿಸ್ಥಿತಿ ಅನ್ನೋದನ್ನ ನಾನು ಪೂರ್ತಿ ಒಪ್ಪಲ್ಲ. 2011ರ ಲೆಕ್ಕದಲ್ಲಿ ಸಾಕ್ಷರತೆಯಲ್ಲಿ ಕಲಬುರಗಿ ಯಾದಗಿರಿಗಿಂತ ಎಷ್ಟೋ ಮೇಲಿದೆ, ಶೇ 64.85. ಆದರೂ 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ರಾಜ್ಯಕ್ಕೇ ಕೊನೆ ಸ್ಥಾನ ನಮ್ಮದು, ಶೇ 42.43. ಮೊದಲನೇ ಸ್ಥಾನದ ದಕ್ಷಿಣ ಕನ್ನಡ ಶೇ 91ರ ಮೇಲೆ. ಎಲ್ಲವನ್ನೂ ಅಪ್ಪ ಅಮ್ಮನ ತಲೆಗೆ ಕಟ್ಟಿದರೆ ಈ ಲೆಕ್ಕ ಹೇಗೆ ಕೂಡುತ್ತೆ?

ಇನ್ನೊಂದು. 2023ರಲ್ಲಿ ಇಡೀ ರಾಜ್ಯದ ಫಲಿತಾಂಶ ಶೇ 83.89. 2024ರಲ್ಲಿ ನಕಲು ತಡೆಯೋಕೆ ಪರೀಕ್ಷಾ ಕೇಂದ್ರಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು, ಗ್ರೇಸ್ ಅಂಕ ಶೇ 20ಕ್ಕೆ ಏರಿಸಿದರೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳ ಜಾತಿ, ಅವರ ಅಪ್ಪಂದಿರ ಕೂಲಿ ಬದಲಾಯಿತಾ? ಹಿಂದಿನ ಅಂಕಿಗಳೇ ಎಷ್ಟು ಗಟ್ಟಿ ಇದ್ದವು ನೀವೇ ಯೋಚಿಸಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದು ಹತ್ತು ವರ್ಷದ ಮೇಲಾಯಿತು, ಇನ್ನೂ ಎಷ್ಟೋ ಕಡೆ ಅತಿಥಿ ಶಿಕ್ಷಕರ ಮೇಲೇ ಗಾಡಿ ಓಡುತ್ತಿದೆ. ಆ ಅತಿಥಿ ಶಿಕ್ಷಕರೂ ಜೂನ್‌ನಲ್ಲಿ ಶಾಲೆ ಶುರುವಾದ ಎಷ್ಟು ದಿನಕ್ಕೆ ಬರುತ್ತಾರೋ!

ಗಣಿತದ ಮೇಷ್ಟ್ರು:
ಕಲಬುರಗಿಯವರ ಮಾತು ಖಾರ ಇದ್ದರೂ ನ್ಯಾಯವಾಗಿದೆ. ತಾಂಡಾದವರೇ, "ಉಳಿದವರು" ಅನ್ನೋ ಮಾತು ವಾಪಸ್ ತಗೊಂಡೆ. ಆದರೆ ಜಿಲ್ಲೆಯ ಅಂಕಿ ಇಟ್ಟುಕೊಂಡು ಒಂದು ಊರಿನ ಶಾಲೆಗೆ ತೀರ್ಪು ಕೊಡೋಕೆ ಬರಲ್ಲ.

ಶಹಾಪುರ ಕಡೆಯವ:
ಎಲ್ಲ ಓದಿದೆ. ಹಾಗಾದರೆ ನಾನು ಶಾಲೆಗೆ ಹೋಗಿ ನೇರವಾಗಿ ಏನು ಕೇಳಲಿ? ಜಾಸ್ತಿ ಕೇಳಿದರೆ ಅವರಿಗೆ ಸಿಟ್ಟು ಬರುತ್ತೆ.

ಗಣಿತದ ಮೇಷ್ಟ್ರು:
ಸಿಟ್ಟು ಬಂದರೆ ಬರಲಿ, ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಸಮಿತಿಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮೊದಲು ಗಣಿತ, ವಿಜ್ಞಾನ, ಇಂಗ್ಲಿಷಿಗೆ ಕಾಯಂ ಶಿಕ್ಷಕರು ಇದ್ದಾರಾ ಕೇಳಿ. ನಮ್ಮ ಕಡೆ ಮಕ್ಕಳು ಮುಗ್ಗರಿಸುವುದೇ ಈ ಮೂರರಲ್ಲಿ. ಆಮೇಲೆ ಲಿಖಿತ ಪರೀಕ್ಷೆಯ ಅಂಕ ಮಾತ್ರ ತೋರಿಸಿ ಅನ್ನಿ. ನೂರರಲ್ಲಿ ಇಪ್ಪತ್ತು ಆಂತರಿಕ ಅಂಕ, ಅದನ್ನು ಶಾಲೆಯೇ ಕೊಡುವುದು, ಹದಿನೆಂಟು ಹತ್ತೊಂಬತ್ತು ಎಲ್ಲರಿಗೂ ಬಿದ್ದಿರುತ್ತೆ. ಉಳಿದ ಎಂಬತ್ತರಲ್ಲಿ ಎಷ್ಟು ಬಂತು ಅನ್ನೋದೇ ನಿಜವಾದ ಕಥೆ. ಯಾವ ತರಗತಿಯಲ್ಲಿ ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು ಅನ್ನೋದು ಎಲ್ಲ ಶಾಲೆಗಳ ಮಾಹಿತಿ ಇರುವ ಸರ್ಕಾರದ ಯುಡೈಸ್ ವೆಬ್‌ಸೈಟಿನಲ್ಲಿ ಶಾಲೆಯ ಹೆಸರು ಹಾಕಿದರೆ ಸಿಗುತ್ತೆ, ಖಾಸಗಿಯವರದ್ದೂ.

ತಾಂಡಾದ ಹುಡುಗ:
ಅಣ್ಣಾ, ಇನ್ನೊಂದು ಕೇಳಿ. ಹತ್ತಿ ಸೀಸನ್ನಿನಲ್ಲಿ ಬಾರದ ಹುಡುಗಿಯ ಮನೆಗೆ ಯಾವ ಟೀಚರ್ ಹೋಗುತ್ತಾರೆ ಅಂತ. ಹೆಸರು ಹೇಳಿದರೆ ಸೇರಿಸಿ.