ಮೆಕಾರ್ಥಿ ಕುಸಿದದ್ದು ವೆಲ್ಚ್ ಅವರ ಒಂದು ಮಾತಿನಿಂದಲೇ?

ಪ್ರಶ್ನೆ:
1954ರ ಸೇನೆ–ಮೆಕಾರ್ಥಿ ವಿಚಾರಣೆಯ ತುಣುಕೊಂದನ್ನು ನೋಡಿದೆ. ಸೇನೆಯ ಪರ ವಕೀಲ ಜೋಸೆಫ್ ವೆಲ್ಚ್, ನಿಮಗೆ ಸಭ್ಯತೆ ಎಂಬುದೇ ಉಳಿದಿಲ್ಲವೇ ಎಂದು, ಅಮೆರಿಕದಲ್ಲಿ ಹಲವರ ಮೇಲೆ ಕಮ್ಯುನಿಸ್ಟರೆಂಬ ಆರೋಪ ಹೊರಿಸುತ್ತಿದ್ದ ಸೆನೆಟರ್ ಮೆಕಾರ್ಥಿಯನ್ನು ಕೇಳುತ್ತಾರೆ. ಸಭಾಂಗಣದಲ್ಲಿ ಚಪ್ಪಾಳೆ. ಕಮ್ಯುನಿಸ್ಟ್ ಭೀತಿ ಮುಗಿದದ್ದು ಆ ಮಾತಿನಿಂದಲೇ?

ಉತ್ತರ:
ಆ ಮಾತು ಬಂದದ್ದು ಜೂನ್ 9ರಂದು. ವಿಚಾರಣೆ ಶುರುವಾಗಿದ್ದು ಏಪ್ರಿಲ್ 22ಕ್ಕೆ. ನಡುವಿನ ವಾರಗಳನ್ನು ಎಲ್ಲರೂ ದಾಟಿಬಿಡುತ್ತಾರೆ, ನನಗೆ ಬೇಸರವಾಗುವುದು ಅದಕ್ಕೇ. ಮೆಕಾರ್ಥಿಯ ಬುಡ ಸಡಿಲವಾದದ್ದು ಅಲ್ಲಿ.

ಫೋಟೋ ಪ್ರಸಂಗವನ್ನೇ ನೋಡಿ. ಮೆಕಾರ್ಥಿಯ ಬಲಗೈಯಂತಿದ್ದ ರಾಯ್ ಕೋನ್, ಸೇನೆಗೆ ಸೇರಿದ್ದ ಗೆಳೆಯ ಡೇವಿಡ್ ಶೈನ್‌ಗೆ ಸವಲತ್ತು ಕೊಡಿಸಲು ಒತ್ತಡ ಹೇರಿದ ಎಂಬುದು ಸೇನೆಯ ದೂರು. ಅದನ್ನು ಅಲ್ಲಗಳೆಯಲು, ಸೇನಾ ಕಾರ್ಯದರ್ಶಿ ಸ್ಟೀವನ್ಸ್ ತಾವಾಗಿಯೇ ಶೈನ್ ಜೊತೆ ಆತ್ಮೀಯರಾಗಿದ್ದರೆಂದು ತೋರಿಸುವಂತೆ ಇಬ್ಬರೇ ನಿಂತಿರುವ ಚಿತ್ರವೊಂದು ಮೆಕಾರ್ಥಿ ಕಡೆಯಿಂದ ಮುಂದೆ ಬಂತು. ಆಮೇಲೆ ವೆಲ್ಚ್ ಮೂಲ ಚಿತ್ರವನ್ನು ಹೊರತೆಗೆದರು. ಪಕ್ಕದಲ್ಲೇ ಕರ್ನಲ್ ಒಬ್ಬರಿದ್ದಾರೆ! ಅವರನ್ನು ಕತ್ತರಿಸಲಾಗಿತ್ತು. ತನ್ನ ಬಳಿ ಕಮ್ಯುನಿಸ್ಟರ ಪಟ್ಟಿಯಿದೆ ಎಂದು 1950ರಲ್ಲಿ ವೀಲಿಂಗ್ ಎಂಬ ಊರಿನಲ್ಲಿ ಹೇಳಿ ಹೆಸರು ಮಾಡಿದ್ದ ಮನುಷ್ಯನ ಕಡೆಯವರು ಪುರಾವೆಯನ್ನು ಹೇಗೆ ಬಳಸುತ್ತಾರೆಂದು ಜನ ಮನೆಯಲ್ಲೇ ಕುಳಿತು ಕಂಡರು.

ಕಂಡದ್ದು ಎಬಿಸಿ ಮತ್ತು ಡುಮಾಂಟ್ ಟಿವಿ ವಾಹಿನಿಗಳ ದೆಸೆಯಿಂದ. ಎಬಿಸಿಗೆ ಹಗಲಿನಲ್ಲಿ ಹೆಚ್ಚೇನೂ ಕಾರ್ಯಕ್ರಮಗಳಿರಲಿಲ್ಲ, ಹಾಗಾಗಿ ಆದಿಯಿಂದ ಅಂತ್ಯದವರೆಗೆ ತೋರಿಸಿತು. ಸಿಬಿಎಸ್ ಹಗಲಿನ ನೇರ ಪ್ರಸಾರಕ್ಕೆ ಕೈಹಾಕಲೇ ಇಲ್ಲ. ಗ್ಯಾಲಪ್ ಸಮೀಕ್ಷೆಯಲ್ಲಿ ಜನವರಿಯಲ್ಲಿ ಶೇ. 50ರಷ್ಟಿದ್ದ ಮೆಕಾರ್ಥಿಯ ಬೆಂಬಲ ಜೂನ್ ವೇಳೆಗೆ 34ಕ್ಕೆ ಇಳಿದಿತ್ತು.

ಪ್ರಶ್ನೆ ಕೇಳಿದವರು:
ಹಾಗಾದರೆ ವೆಲ್ಚ್ ಅವರ ಆ ಕೋಪ ನಾಟಕವೇ?

ಉತ್ತರ:
ಅಲ್ಲ, ನೋವು ನಿಜವೆಂದೇ ನನ್ನ ನಂಬಿಕೆ. ಆದರೆ ಅನಿರೀಕ್ಷಿತ ಆಘಾತವಾಗಿರಲಿಲ್ಲ. ವೆಲ್ಚ್ ಅವರ ಕಿರಿಯ ಸಹೋದ್ಯೋಗಿ ಫ್ರೆಡ್ ಫಿಶರ್ ಹಿಂದೆ, ಕಮ್ಯುನಿಸ್ಟ್ ನಂಟಿನ ಆರೋಪ ಹೊತ್ತಿದ್ದ ವಕೀಲರ ಸಂಘ ನ್ಯಾಷನಲ್ ಲಾಯರ್ಸ್ ಗಿಲ್ಡ್‌ನಲ್ಲಿದ್ದ ಸಂಗತಿ ಏಪ್ರಿಲ್‌ನಲ್ಲೇ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದಿತ್ತು. ಆ ಹೆಸರು ಎತ್ತಬಾರದೆಂದು ಕೋನ್ ಮತ್ತು ವೆಲ್ಚ್ ನಡುವೆ ಒಪ್ಪಂದವೂ ಆಗಿತ್ತು. ಮೆಕಾರ್ಥಿ ಅದನ್ನು ಮೀರಿ ಫಿಶರ್ ಹೆಸರೆತ್ತಿದಾಗಲೇ ವೆಲ್ಚ್ ಆ ಮಾತು ಆಡಿದ್ದು. ತುಣುಕನ್ನು ಮತ್ತೊಮ್ಮೆ ನೋಡುವಾಗ ಮೆಕಾರ್ಥಿಯನ್ನು ಬಿಟ್ಟು ಸಾಕ್ಷಿಯ ಕುರ್ಚಿಯಲ್ಲಿರುವ ಕೋನ್ ಮುಖ ನೋಡಿ. ಬೇಡ ಬೇಡ ಎಂಬಂತೆ ತಲೆಯಾಡಿಸುತ್ತಾನೆ.

ಇನ್ನು ಭೀತಿ ಮುಗಿಯಿತೇ ಎಂಬ ಮಾತು. ಡಿಸೆಂಬರ್ 2ರಂದು ಸೆನೆಟ್ 67–22 ಮತಗಳಿಂದ ಮೆಕಾರ್ಥಿಯನ್ನು ಖಂಡಿಸಿತು, ನಿಜ. ಆದರೆ ಖಂಡಿಸಿದ್ದು ಸೆನೆಟ್ ಸಮಿತಿಗಳನ್ನು ಅವಮಾನಿಸಿದ್ದಕ್ಕೆ. ಆರೋಪ ಹೊತ್ತು ಕೆಲಸ ಕಳೆದುಕೊಂಡವರ ಬಗ್ಗೆ ಆ ನಿರ್ಣಯದಲ್ಲಿ ಒಂದಕ್ಷರವೂ ಇಲ್ಲ. ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಪ್ರತಿನಿಧಿ ಸಭೆಯ ಇನ್ನೊಂದು ಸಮಿತಿಯಂತೂ ಹೆಸರು ಬದಲಿಸಿಕೊಂಡು 1975ರವರೆಗೂ ಉಳಿಯಿತು.